ಎದುರುಗಾಳಿಯ ಒಂದು ದಿನ

ಐವತ್ತಾರು ದಾಟಿದ ಗುರುವೊಬ್ಬ ಒಬ್ಬಂಟಿಯಾಗಿ ಸೈಕಲ್ಲನ್ನೇರಿ ಕಲಬುರಗಿಯಿಂದ ಮೈಸೂರಿಗೆ ಹೊರಟಿದ್ದಾನೆಂದರೆ, ಅದಕ್ಕೊಂದು ಘನವಾದ ಉದ್ದೇಶವಿರಲೇಬೇಕೆಂದು ಜನ ನಿರೀಕ್ಷಿಸುತ್ತಾರೆ. "ಹರಕೆಯೇ ಸ್ವಾಮಿ?" ಎಂದು ಒಬ್ಬರು ಕೇಳಿದರು. ಪರಿಸರ ಜಾಗೃತಿಯೋ, ವಿಶ್ವಶಾಂತಿಯೋ ಇರಬೇಕೆಂದು ಇನ್ನೊಬ್ಬರು ತಾವೇ ತೀರ್ಮಾನಿಸಿ, ಸೈಕಲ್ಲಿನ ಮುಂದೆ ಕಟ್ಟಲು ಒಂದು ಬ್ಯಾನರನ್ನೂ ಬರೆಯಿಸಿಕೊಡಲು ಮುಂದಾದರು. ಅಂತಹದೇನೂ ಇರಲಿಲ್ಲ. ಒಂದು ಧರ್ಮಕೇಂದ್ರದಿಂದ ವರ್ಗವಾಗಿ ಇನ್ನೊಂದನ್ನು ವಹಿಸಿಕೊಳ್ಳುವ ಮುನ್ನ ನನಗೆ ಮೂರು ವಾರಗಳ ಬಿಡುವು ದೊರೆತಿತ್ತು. ರಕ್ತದಲ್ಲಿ ಸಕ್ಕರೆ ಏರುತ್ತಿದೆಯೆಂದು ವೈದ್ಯರು ಎಚ್ಚರಿಸಿ ಎರಡು ವರ್ಷಗಳಾಗಿದ್ದವು. ಅಂದಿನಿಂದ ಪ್ರತಿದಿನ ಬೆಳಿಗ್ಗೆ ತುಳಿಯುತ್ತಿದ್ದ ಸೈಕಲ್ಲು ನನ್ನನ್ನು ಕ್ರಮೇಣ ಊರಾಚೆಗೆ, ತಾಲ್ಲೂಕಿನಾಚೆಗೆ ಕರೆದೊಯ್ಯತೊಡಗಿತ್ತು. ಇಪ್ಪತ್ತೇಳು ವರ್ಷಗಳ ಗುರುಜೀವನದಲ್ಲಿ ನಾನು ಯಾರೆಂದು ಜನರಿಗೆ ತಿಳಿಯದಿರುವ ಸ್ಥಳದಲ್ಲಿ ಹತ್ತು ದಿನ ಕಳೆದದ್ದೇ ಇಲ್ಲ. ಹಾಗೆ ಕಳೆಯಬೇಕೆಂಬ ಆಸೆಯೊಂದು ಒಳಗೇ ಇತ್ತು. ಅಷ್ಟೇ.

ಕಲಬುರಗಿ ಸೀಮೆಯ ಜೇವರ್ಗಿಯಿಂದ ಹಿಡಿದು ಶ್ರೀರಂಗಪಟ್ಟಣದವರೆಗೆ ಒಂದೇ ಹೆದ್ದಾರಿ ಇದೆಯೆಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ. 150ಎ ಎಂಬ ಸಂಖ್ಯೆಯ ಈ ರಾಷ್ಟ್ರೀಯ ಹೆದ್ದಾರಿ ಸುರಪುರ, ಲಿಂಗಸುಗೂರು, ಮಸ್ಕಿ, ಸಿಂಧನೂರು, ಸಿರುಗುಪ್ಪ, ಬಳ್ಳಾರಿ, ಚಳ್ಳಕೆರೆ, ಹಿರಿಯೂರು, ನಾಗಮಂಗಲಗಳನ್ನು ಒಂದು ದಾರಕ್ಕೆ ಪೋಣಿಸಿದಂತೆ ರಾಜ್ಯವನ್ನು ಉತ್ತರದಿಂದ ದಕ್ಷಿಣಕ್ಕೆ ದಾಟುತ್ತದೆ. ಒಟ್ಟು ಆರುನೂರಕ್ಕೂ ಹೆಚ್ಚು ಕಿಲೋಮೀಟರು. 2025ರ ಜನವರಿಯಲ್ಲಿ ನಾನು ಈ ದಾರಿಯನ್ನು ಹಿಡಿದೆ. ಇಡೀ ಪ್ರಯಾಣದ ವೃತ್ತಾಂತವನ್ನು ಹೇಳಿ ಓದುಗರನ್ನು ದಣಿಸುವ ಇಚ್ಛೆ ನನಗಿಲ್ಲ. ಮೂರನೆಯ ದಿನವೊಂದನ್ನು ಮಾತ್ರ ಹೇಳುತ್ತೇನೆ.

ಅಂದು ಲಿಂಗಸುಗೂರಿನ ವಸತಿಗೃಹವೊಂದರಿಂದ ಬೆಳಗಿನ ಐದೂವರೆಗೆ ಹೊರಟೆ. ಸಂಜೆಗೆ ತುಂಗಭದ್ರೆಯನ್ನು ದಾಟಿ ಸಿರುಗುಪ್ಪ ಸೇರುವುದು ಉದ್ದೇಶ. ತೊಂಬತ್ತು ಕಿಲೋಮೀಟರಿನ ಆಸುಪಾಸು. ಹಿಂದಿನ ದಿನ ಎಂಬತ್ತು ತುಳಿದಿದ್ದೆನಾದ್ದರಿಂದ ತೊಂಬತ್ತು ಅಸಾಧ್ಯವೆನಿಸಿರಲಿಲ್ಲ. ಸೈಕಲ್ಲಿನ ಹಿಂಬದಿಯ ಎರಡು ಚೀಲಗಳಲ್ಲಿ ಎರಡು ಜೊತೆ ಬಟ್ಟೆ, ಒಂದು ಹೊದಿಕೆ, ಔಷಧಿ, ಪ್ರಾರ್ಥನಾ ಪುಸ್ತಕ, ಒಂದು ಹೆಚ್ಚುವರಿ ಟ್ಯೂಬು, ಪಂಕ್ಚರು ಹಾಕುವ ಸಾಮಾನು, ಕೈಪಂಪು. ಎಲ್ಲ ಸೇರಿ ಹನ್ನೆರಡು ಕಿಲೋ. ನಿಲುವಂಗಿಯನ್ನು ತಂದಿರಲಿಲ್ಲ. ಶಿರಸ್ತ್ರಾಣ, ಹಳೆಯ ಅಂಗಿ, ಮೊಣಕಾಲು ಮುಚ್ಚುವ ಚಡ್ಡಿ. ಕನ್ನಡಿಯಲ್ಲಿ ನೋಡಿಕೊಂಡಾಗ ನನಗೇ ನನ್ನ ಗುರುತು ಹತ್ತದಂತಿದ್ದೆ.

ಮೊದಲ ಒಂದು ಗಂಟೆ ಸೊಗಸಾಗಿತ್ತು. ಎರೆಭೂಮಿಯ ಜೋಳದ ಹೊಲಗಳು ಮಂಜಿನಲ್ಲಿ ನೆನೆದು ನಿಂತಿದ್ದವು. ತೊಗರಿ ಕೆಲವೆಡೆ ಕಟಾವಾಗಿತ್ತು. ಸೂರ್ಯ ಮೇಲೇರಿದಂತೆ ಗಾಳಿಯೂ ಎದ್ದಿತು. ಈ ದೋಆಬ್ ಪ್ರದೇಶದಲ್ಲಿ, ಅಂದರೆ ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ಬಯಲಿನಲ್ಲಿ, ಚಳಿಗಾಲದ ಗಾಳಿ ಮೂಡಣದಿಂದ ಬೀಸುತ್ತದೆ. ಬೆಳಗಿನಲ್ಲಿ ನೆಲ ತಣ್ಣಗಿರುವಾಗ ಅದು ಸದ್ದಿಲ್ಲದೆ ಮೇಲೆಯೇ ಹರಿಯುತ್ತಿರುತ್ತದೆ. ನೆಲ ಕಾದು ಬಿಸಿಗಾಳಿ ಮೇಲೇಳತೊಡಗಿದರೆ ಮೇಲಿನ ರಭಸವೆಲ್ಲ ಕೆಳಗಿಳಿಯುತ್ತದೆ. ಲಿಂಗಸುಗೂರಿನಿಂದ ಸಿಂಧನೂರಿಗೆ ದಾರಿ ಸಾಗುವುದು ಆಗ್ನೇಯಕ್ಕೆ. ಆದಕಾರಣ ಗಾಳಿ ನೇರವಾಗಿ ನನ್ನ ಎದೆಗೂ ಎಡಭುಜಕ್ಕೂ ಬಡಿಯುತ್ತಿತ್ತು.

ಕಾರು, ಬಸ್ಸುಗಳಲ್ಲಿ ಓಡಾಡುವವರಿಗೆ ಎದುರುಗಾಳಿಯೆಂಬುದು ಕೇವಲ ಒಂದು ಪದ. ಸೈಕಲ್ಲು ತುಳಿಯುವವನಿಗೆ ಅದು ಇಳಿಜಾರಿಲ್ಲದ ಬೆಟ್ಟ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆಯೆಂದು ಶಾಲೆಯಲ್ಲಿ ಓದಿದ್ದೆ. ನಿಶ್ಚಲವಾದ ಗಾಳಿಯಲ್ಲಿ ಗಂಟೆಗೆ ಹದಿನೈದು ಕಿಲೋಮೀಟರು ಸಾಗುವವನಿಗೆ ಎದುರಿನಿಂದಲೂ ಅಷ್ಟೇ ವೇಗದ ಗಾಳಿ ಬೀಸಿದರೆ, ತಡೆ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ಈ ಸೂತ್ರವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ನನಗೆ ಅದರ ಅರ್ಥವಾದದ್ದು ಆ ದಿನ. ವೇಗ ಹದಿನೈದರಿಂದ ಹನ್ನೊಂದಕ್ಕೆ, ಹನ್ನೊಂದರಿಂದ ಒಂಬತ್ತಕ್ಕೆ ಇಳಿಯಿತು. ಸಣ್ಣ ಹಲ್ಲುಚಕ್ರಕ್ಕೆ ಸರಪಳಿಯನ್ನು ಇಳಿಸಿದೆ. ಇನ್ನೂ ಸಣ್ಣದಕ್ಕೆ ಇಳಿಸಿದೆ. ಹಾಲು ಹಾಕಿ ಹಿಂದಿರುಗುತ್ತಿದ್ದ ಮುದುಕರೊಬ್ಬರು ತಮ್ಮ ಹಳೆಯ ಸೈಕಲ್ಲಿನಲ್ಲಿ ಖಾಲಿ ಕ್ಯಾನುಗಳ ಸದ್ದು ಮಾಡುತ್ತ ನನ್ನನ್ನು ದಾಟಿಹೋದರು. ದಾಟುವಾಗ ನನ್ನ ಇಪ್ಪತ್ತೊಂದು ಗೇರುಗಳನ್ನು ಕುತೂಹಲದಿಂದ ನೋಡಿದರು.

ಮಸ್ಕಿಯಲ್ಲಿ ಇಳಿದೆ. ಅಲ್ಲಿ ಅಶೋಕನ ಶಾಸನವಿದೆಯೆಂಬುದು ಮುಖ್ಯ ನೆಪ. ಕಾಲುಗಳಿಗೆ ವಿಶ್ರಾಂತಿ ಬೇಕಾಗಿತ್ತೆಂಬುದು ನಿಜ. 1915ರಲ್ಲಿ ಚಿನ್ನದ ನಿಕ್ಷೇಪವನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರು ಇಲ್ಲಿನ ಗುಡ್ಡದ ಬಂಡೆಯ ಮೇಲೆ ಈ ಬರಹವನ್ನು ಕಂಡನು. ಅದುವರೆಗೆ ದೊರೆತಿದ್ದ ಶಾಸನಗಳಲ್ಲೆಲ್ಲ ಅರಸನ ಹೆಸರು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಲ್ಲಿ ಮಾತ್ರ ಇತ್ತು. ಅಶೋಕನೆಂಬ ಹೆಸರನ್ನು ಸ್ಪಷ್ಟವಾಗಿ ಕೊಟ್ಟು, ಆ ಬಿರುದುಗಳು ಯಾರವೆಂಬ ಸಂಶಯವನ್ನು ನಿವಾರಿಸಿದ್ದು ಈ ಮಸ್ಕಿಯ ಬಂಡೆ. ಅನಂತರ ನಮ್ಮ ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ದೊರೆಯಿತು. ಬ್ರಾಹ್ಮೀ ಲಿಪಿಯ ಆ ಪ್ರಾಕೃತ ಸಾಲುಗಳನ್ನು ನಾನು ಓದಲಾರೆ. ಅವುಗಳ ತಾತ್ಪರ್ಯವನ್ನು ಹಿಂದೆ ಪುಸ್ತಕದಲ್ಲಿ ಓದಿದ್ದೆ: ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಾಮಾನ್ಯನೂ ಅದನ್ನು ಪಡೆಯಬಲ್ಲನೆಂದು ಆ ಚಕ್ರವರ್ತಿ ಹೇಳಿಸಿದ್ದಾನೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಪಾಟಲಿಪುತ್ರದಲ್ಲಿ ಕುಳಿತವನೊಬ್ಬ ಈ ಬಯಲಿನ ಕುರುಬರಿಗೂ ಒಕ್ಕಲಿಗರಿಗೂ ಸುದ್ದಿ ಮುಟ್ಟಿಸಬೇಕೆಂದು ಬಯಸಿದನಲ್ಲ! ನಮ್ಮ ಸುತ್ತೋಲೆಗಳು ಪಕ್ಕದ ಧರ್ಮಕೇಂದ್ರವನ್ನು ಮುಟ್ಟುವಷ್ಟರಲ್ಲಿ ದಿನಾಂಕ ಕಳೆದಿರುತ್ತದೆ.

ಮಸ್ಕಿ ಬಿಟ್ಟು ಏಳೆಂಟು ಕಿಲೋಮೀಟರು ಸಾಗಿರಬಹುದು. ಹಿಂಬದಿಯ ಚಕ್ರ ಮೆತ್ತಗಾಯಿತು. ರಸ್ತೆಯ ಅಂಚಿನಲ್ಲಿ ಬಳ್ಳಾರಿ ಜಾಲಿಯ ಪೊದೆಗಳಲ್ಲದೆ ನೆರಳಿಲ್ಲ. ಚೀಲಗಳನ್ನು ಕಳಚಿ, ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಟ್ಯೂಬನ್ನು ಬದಲಾಯಿಸಿದೆ. ನಲವತ್ತು ನಿಮಿಷ ಹಿಡಿಯಿತು. ಕೈಯೆಲ್ಲ ಮಸಿ. ಆದರೂ ಒಂದು ಬಗೆಯ ಹೆಮ್ಮೆಯೆನಿಸಿತು. ಆ ಹೆಮ್ಮೆ ಮೂರು ಕಿಲೋಮೀಟರು ಉಳಿಯಿತು. ಅದೇ ಚಕ್ರ ಮತ್ತೆ ಮೆತ್ತಗಾಯಿತು. ಹಳೆಯ ಟ್ಯೂಬಿಗೆ ಪ್ಯಾಚು ಹಾಕೋಣವೆಂದು ಸೊಲ್ಯೂಷನ್ ಟ್ಯೂಬನ್ನು ತೆರೆದರೆ ಅದು ಒಳಗೇ ಒಣಗಿ ಕಡ್ಡಿಯಾಗಿತ್ತು. ಒಂದು ವರ್ಷದ ಹಿಂದೆ ಕೊಂಡು ಒಮ್ಮೆಯೂ ಪರೀಕ್ಷಿಸದೆ ಚೀಲಕ್ಕೆ ಹಾಕಿದ್ದೆ.

ತಳ್ಳುತ್ತ ನಡೆದೆ.

ಸೈಕಲ್ಲನ್ನು ತುಳಿಯುವುದಕ್ಕೂ ತಳ್ಳುವುದಕ್ಕೂ ಇರುವ ವ್ಯತ್ಯಾಸ ದೊಡ್ಡದು. ತುಳಿಯುವಾಗ ಮನಸ್ಸು ದಾರಿಯ ಮೇಲಿರುತ್ತದೆ, ತಳ್ಳುವಾಗ ಮನಸ್ಸಿಗೆ ಕೆಲಸವಿರುವುದಿಲ್ಲ. ಗಂಟೆ ಹನ್ನೊಂದಾಗಿತ್ತು. ಬಿಸಿಲು, ಗಾಳಿ, ಲಾರಿಗಳ ಧೂಳು. ತೊಡೆಗಳಲ್ಲಿ ಹಿಂದಿನ ದಿನದ ಎಂಬತ್ತು ಕಿಲೋಮೀಟರಿನ ನೋವು ಗಟ್ಟಿಯಾಗಿ ಕುಳಿತಿತ್ತು. ಇನ್ನು ಎಷ್ಟು ದೂರ ಈ ಕಾಲುಗಳು ನಡೆದಾವು ಎಂದು ಲೆಕ್ಕ ಹಾಕುತ್ತಿದ್ದಾಗ, ಮೂವತ್ತೊಂಬತ್ತು ವರ್ಷಗಳಿಂದ ನಾನು ಹಾಕದೆ ಬಿಟ್ಟಿದ್ದ ಬೇರೊಂದು ಲೆಕ್ಕ ತಾನಾಗಿಯೇ ಮನಸ್ಸಿಗೆ ಬಂದಿತು.

ನಮ್ಮ ಊರು ಕೊಳ್ಳೇಗಾಲದ ಬಳಿ. ತಂದೆಯವರು ರೇಷ್ಮೆಗೂಡಿನ ಚೀಲಗಳನ್ನು ಸೈಕಲ್ಲಿನಲ್ಲಿ ಮಾರುಕಟ್ಟೆಗೆ ಸಾಗಿಸಿ ಬದುಕು ನಡೆಸುತ್ತಿದ್ದರು. ಗೇರಿಲ್ಲದ, ದಪ್ಪ ಚೌಕಟ್ಟಿನ, ಹಿಂದೆ ಅಗಲವಾದ ಕ್ಯಾರಿಯರು ಬೆಸೆಸಿದ ಕಪ್ಪು ಸೈಕಲ್ಲು. ಡೈನಮೊ ತಿರುಗಿದರೆ ಉರಿಯುವ ದೀಪ. ಪುರಸಭೆಗೆ ವರ್ಷದ ತೆರಿಗೆ ಕಟ್ಟಿದ್ದಕ್ಕೆ ಕೊಡುತ್ತಿದ್ದ ಲೋಹದ ಬಿಲ್ಲೆ. 1985ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಮೈಸೂರಿನ ಕಿರಿಯ ಗುರುಮಠವೊಂದನ್ನು ಸೇರಿದೆ. ಡಿಸೆಂಬರಿನ ಚಳಿಗೆ ಹೊದಿಕೆ ಸಾಲದೆಂದು ಮನೆಗೆ ಕಾಗದ ಬರೆದಿದ್ದೆ. ತಂದೆತಾಯಿಗಳು ಬಂದು ನೋಡಲು ತಿಂಗಳ ಮೊದಲ ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಸಮಯ. ಆ ಭಾನುವಾರ ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಅಪ್ಪ ಗೇಟಿನ ಬಳಿ ಬಂದು ನಿಂತರು. ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದರು. ಮುಖ, ಹುಬ್ಬುಗಳ ಮೇಲೆಲ್ಲ ರಸ್ತೆಯ ಧೂಳು. ಅಂಗಿ ಬೆನ್ನಿಗೆ ಅಂಟಿತ್ತು. ಕ್ಯಾರಿಯರಿನಲ್ಲಿ ಹಗ್ಗದಿಂದ ಬಿಗಿದ ಕರಿಯ ಕಂಬಳಿ, ಹ್ಯಾಂಡಲಿಗೆ ತೂಗುಹಾಕಿದ ಬಟ್ಟೆಯ ಚೀಲದಲ್ಲಿ ಅವ್ವ ಮಾಡಿಕೊಟ್ಟ ಕಜ್ಜಾಯ.

ನಾನು ಆಗ ಗೆಳೆಯರೊಡನೆ ಆಟದ ಮೈದಾನದಲ್ಲಿದ್ದೆ. ಅವರಲ್ಲಿ ಕೆಲವರ ಮನೆಯವರು ಅಂದು ಬೆಳಿಗ್ಗೆ ಕಾರಿನಲ್ಲಿ ಬಂದುಹೋಗಿದ್ದರು. "ಯಾರೋ ಅದು?" ಎಂದು ಒಬ್ಬ ಕೇಳಿದ. "ನಮ್ಮೂರಿನವರು" ಎಂದೆ.

ಗೇಟಿಗೆ ಓಡಿ ಹೋಗಿ ಕಂಬಳಿಯನ್ನೂ ಚೀಲವನ್ನೂ ತೆಗೆದುಕೊಂಡೆ. "ಚಳಿ ಅಂತ ಬರ್ದಿದ್ದಲ್ಲ ಮಗ, ಹೊದ್ಕೊ" ಎಂದರು. ಸಮಯ ಮುಗಿಯಿತು, ಇನ್ನು ಊಟದ ಗಂಟೆ ಹೊಡೆಯುತ್ತಾರೆ, ಹೊರಗಿನವರು ನಿಲ್ಲುವಂತಿಲ್ಲ ಎಂದು ನಾನು ಹೇಳಿದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಮೇಲ್ವಿಚಾರಕ ಗುರುಗಳನ್ನು ಒಂದು ಮಾತು ಕೇಳಿದ್ದರೆ ದೂರದಿಂದ ಬಂದವರಿಗೆ ಊಟವಿಲ್ಲವೆಂದು ಅವರು ಹೇಳುತ್ತಿರಲಿಲ್ಲ. ನಾನು ಕೇಳಲಿಲ್ಲ. ನೀರು ಬೇಕೇ ಎಂದು ಅಪ್ಪನನ್ನೂ ಕೇಳಲಿಲ್ಲ. "ನೋಡ್ದಂಗಾಯ್ತು ಬುಡು" ಎಂದು ಅವರು ಸೈಕಲ್ಲನ್ನು ತಿರುಗಿಸಿದರು. ಎಲ್ಲ ಸೇರಿ ಐದಾರು ನಿಮಿಷ.

ಪ್ರತಿವರ್ಷ ಪವಿತ್ರ ವಾರದಲ್ಲಿ ಪೇತ್ರನು ತನ್ನ ಗುರುವನ್ನು ಅರಿಯೆನೆಂದ ಪ್ರಸಂಗದ ಮೇಲೆ ನಾನು ಪ್ರಬೋಧನೆ ಮಾಡಿದ್ದೇನೆ. ಚೆನ್ನಾಗಿ ಮಾಡುತ್ತೇನೆಂದು ಜನರೂ ಹೇಳಿದ್ದಾರೆ. "ನಮ್ಮೂರಿನವರು" ಎಂಬ ಆ ಒಂದು ಪದವನ್ನು ಮಾತ್ರ ಯಾವ ಬಲಿಪೀಠದಿಂದಲೂ ಹೇಳಿಲ್ಲ. 1998ರಲ್ಲಿ ನನಗೆ ಗುರುದೀಕ್ಷೆಯಾದ ದಿನ ಅಪ್ಪ ನನ್ನೆದುರು ಮೊಣಕಾಲೂರಿ ಮೊದಲ ಆಶೀರ್ವಾದ ಬೇಡಿದಾಗಲೂ ಆ ಗೇಟು ನನ್ನ ಕಣ್ಣೆದುರಿಗಿತ್ತು. ಅವರು 2011ರಲ್ಲಿ ತೀರಿಕೊಂಡರು. ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈ ನೆನಪು ನನಗೆ ಹೊಸದಲ್ಲ. ಹೊಸದಾಗಿದ್ದದ್ದು ಲೆಕ್ಕ. ಕೊಳ್ಳೇಗಾಲದಿಂದ ಮೂಗೂರು, ತಿರುಮಕೂಡಲು ನರಸೀಪುರ, ವರುಣಗಳ ಮೇಲೆ ಮೈಸೂರಿಗೆ ಅರವತ್ತು ಕಿಲೋಮೀಟರಿನಷ್ಟು. ಹೋಗಲು ಅರವತ್ತು, ಬರಲು ಅರವತ್ತು. ಒಂದೇ ದಿನದಲ್ಲಿ ನೂರಿಪ್ಪತ್ತು. ಇಪ್ಪತ್ತೊಂದು ಗೇರುಗಳಿದ್ದೂ, ವಿಜ್ಞಾನಿಗಳು ಸಿದ್ಧಪಡಿಸಿದ ಲವಣದ ಪುಡಿಯನ್ನು ನೀರಿಗೆ ಬೆರೆಸಿ ಕುಡಿಯುತ್ತಿದ್ದರೂ, ಎಂಬತ್ತು ಕಿಲೋಮೀಟರಿಗೆ ನನ್ನ ತೊಡೆಗಳು ಕಲ್ಲಾಗಿದ್ದವು. ನೂರಿಪ್ಪತ್ತು ಎಂಬ ಸಂಖ್ಯೆಯನ್ನು ನಾನು ತಲೆಯಿಂದ ಎಂದೋ ಅರಿಯಬಹುದಾಗಿತ್ತು. ಕಾಲುಗಳಿಂದ ಅರಿತದ್ದು ಆ ಬಿಸಿಲಿನಲ್ಲಿ.

ನಾಲ್ಕು ಕಿಲೋಮೀಟರು ತಳ್ಳಿದ ಮೇಲೆ ಒಂದು ಕ್ರಾಸು ಸಿಕ್ಕಿತು. ಒಂದು ಚಹಾದಂಗಡಿ, ಒಂದು ಕಿರಾಣಿ, ತಗಡಿನ ಚಪ್ಪರದ ಕೆಳಗೆ ಒಂದು ಪಂಕ್ಚರು ಅಂಗಡಿ. ನೇತುಹಾಕಿದ ಟಯರುಗಳ ಕೆಳಗೆ ಎಪ್ಪತ್ತರ ಆಸುಪಾಸಿನ ಯಜಮಾನರೊಬ್ಬರು ಟ್ರ್ಯಾಕ್ಟರಿನ ಟ್ಯೂಬೊಂದನ್ನು ಉಜ್ಜುತ್ತ ಕುಳಿತಿದ್ದರು. ಬಿಳಿಯ ಟೋಪಿ, ಬಿಳಿಯ ಗಡ್ಡ. ನನ್ನನ್ನೂ ಚಕ್ರವನ್ನೂ ನೋಡಿದರು.

"ಎಲ್ಲಿಂದ ಬಂದ್ರಿ?"

"ಕಲಬುರಗಿಯಿಂದ. ಮೈಸೂರಿಗೆ ಹೋಗಬೇಕು."

"ಇದರ ಮ್ಯಾಲೇನ್ರಿ? ಒಬ್ರೇನಾ?" ಒಂದು ಕ್ಷಣ ಸುಮ್ಮನಿದ್ದು, "ಮನಿಯಾಗ ಗೊತ್ತೈತೇನ್ರಿ?" ಎಂದರು.

ನನಗೆ ನಗು ಬಂದಿತು. ಗೊತ್ತಿದೆ ಎಂದೆ. ಏನು ಕೆಲಸ ಮಾಡುತ್ತೀರೆಂದು ಕೇಳಿದಾಗ ಯಾಕೋ ಗುರುವೆಂದು ಹೇಳಲಾಗಲಿಲ್ಲ. "ಪಾಠ ಹೇಳುತ್ತೇನೆ" ಎಂದುಬಿಟ್ಟೆ. ಅಲ್ಲಿಂದ ಮುಂದೆ ನಾನು ಅವರಿಗೆ "ಮಾಸ್ತರ್ರು" ಆದೆ.

ಅವರು ಚಕ್ರಕ್ಕೆ ಕೈ ಹಾಕಲಿಲ್ಲ. ಮೊದಲು ಒಳಗೆ ಹೋಗಿ ಮಡಕೆಯ ನೀರನ್ನು ತಂಬಿಗೆಯಲ್ಲಿ ತಂದುಕೊಟ್ಟರು. ನಾನು ಕುಡಿದು ಮುಗಿಸುವವರೆಗೂ ನಿಂತಿದ್ದು, "ಊಟ ಆತೇನ್ರಿ?" ಎಂದು ಕೇಳಿದರು.

ಈ ನಾಡಿನಲ್ಲಿ ದಿನಕ್ಕೆ ಹತ್ತು ಬಾರಿ ಕೇಳುವ ಪ್ರಶ್ನೆ ಅದು. ನನಗೆ ಉತ್ತರ ಹೊರಡಲಿಲ್ಲ. ಬೆವರು ಒರೆಸುವ ನೆಪದಲ್ಲಿ ಮುಖಕ್ಕೆ ಟವೆಲು ಒತ್ತಿಕೊಂಡು ಸ್ವಲ್ಪ ಹೊತ್ತು ಕುಳಿತೆ. ಯಜಮಾನರು ಅದನ್ನು ಗಮನಿಸಿದರೋ ಇಲ್ಲವೋ ತಿಳಿಯದು. ಗಮನಿಸಿದ್ದರೆ ಬಿಸಿಲಿನ ಬಳಲಿಕೆಯೆಂದೇ ತಿಳಿದಿರಬೇಕು. ಹಿಂದಿನ ಮನೆಯ ಕಡೆಗೆ ಕೂಗಿ ಏನೋ ಹೇಳಿದರು. ಸ್ವಲ್ಪ ಹೊತ್ತಿನಲ್ಲಿ ಅವರ ಸೊಸೆ ಒಂದು ತಟ್ಟೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಗಳನ್ನು ತಂದಿಟ್ಟು ಹೋದರು.

ನಾನು ಉಣ್ಣುತ್ತಿದ್ದಾಗ ಅವರು ಕೆಲಸ ಆರಂಭಿಸಿದರು. ನನ್ನ ಎರಡು ಟ್ಯೂಬುಗಳನ್ನೂ ನೀರಿನ ಬಾಣಲೆಯಲ್ಲಿ ಮುಳುಗಿಸಿ ಗುಳ್ಳೆಗಳನ್ನು ನೋಡಿದರು. ಎರಡರಲ್ಲಿಯೂ ತೂತು ಹೆಚ್ಚುಕಡಿಮೆ ಒಂದೇ ಜಾಗದಲ್ಲಿತ್ತು. "ಮಾಸ್ತರ್ರ, ಟಯರ್ ಒಳಗ ನೋಡೀರೇನು?" ಎಂದರು. ನೋಡಿರಲಿಲ್ಲ. ಅವರು ಹಳೆಯ ಬಟ್ಟೆಯ ಚೂರೊಂದನ್ನು ಟಯರಿನ ಒಳಸುತ್ತಿನಲ್ಲಿ ನಿಧಾನವಾಗಿ ಎಳೆದರು. ಒಂದೆಡೆ ಬಟ್ಟೆ ಸಿಕ್ಕಿಕೊಂಡಿತು. ಅಲ್ಲಿಂದ ಇಕ್ಕಳದ ತುದಿಯಲ್ಲಿ ಹೊರತೆಗೆದದ್ದು ನೆಗ್ಗಿಲುಮುಳ್ಳಿನ ಒಂದು ಮೊನೆ, ಅಕ್ಕಿಕಾಳಿನ ಅರ್ಧದಷ್ಟೂ ಇಲ್ಲ. ಮೊದಲ ಟ್ಯೂಬನ್ನು ಚುಚ್ಚಿದ ಮುಳ್ಳು ಅಲ್ಲಿಯೇ ಉಳಿದಿತ್ತು. ನಾನು ಹೊಸ ಟ್ಯೂಬನ್ನು ಅದರ ಮೇಲೆಯೇ ಕೂರಿಸಿದ್ದೆ. "ಮುಳ್ಳ ತಗೀದ ಟ್ಯೂಬ್ ಹಾಕಿದ್ರ ಎಷ್ಟು ಹಾಕಿದ್ರೂ ಅಷ್ಟ" ಎಂದು ಅವರು ಆ ಮೊನೆಯನ್ನು ನನ್ನ ಅಂಗೈಯಲ್ಲಿಟ್ಟರು. ಪಾಪನಿವೇದನೆಯ ಪೀಠದಲ್ಲಿ ಕುಳಿತು ನಾನು ಇದೇ ಅರ್ಥದ ಮಾತುಗಳನ್ನು ಎಷ್ಟೋ ಜನರಿಗೆ ಹೇಳಿದ್ದೇನೆ, ಇಷ್ಟು ಚಿಕ್ಕದಾಗಿ ಹೇಳಿಲ್ಲ.

ಪ್ಯಾಚು ಅಂಟಿ ಒಣಗುವವರೆಗೆ ಮಾತಾಡಿದೆವು. ಅವರೂ ಹರೆಯದಲ್ಲಿ ಸೈಕಲ್ಲಿನ ಮೇಲೆ ಊರೂರಿಗೆ ಹೋಗಿ ಸ್ಟೌ ರಿಪೇರಿ ಮಾಡುತ್ತಿದ್ದರಂತೆ. ಈಗ ಸೈಕಲ್ಲಿನ ಪಂಕ್ಚರು ವಾರಕ್ಕೆ ಒಂದೆರಡು ಬಂದರೆ ಹೆಚ್ಚು, ಅದೂ ಶಾಲೆಯ ಮಕ್ಕಳದು. ನನ್ನ ಟ್ಯೂಬಿನ ಸಣ್ಣ ಮೂತಿಗೆ ಅವರ ಪಂಪು ಹೊಂದಲಿಲ್ಲ, "ಇದ್ಯಾವ ಊರಿನ ವಾಲ್ವ್?" ಎಂದು ನಕ್ಕರು. ನನ್ನ ಕೈಪಂಪಿನಿಂದ ಇಬ್ಬರೂ ಸರದಿಯ ಮೇಲೆ ಗಾಳಿ ಹೊಡೆದೆವು. ಕೂಲಿ ಮೂವತ್ತು ರೂಪಾಯಿ ಎಂದರು. ನೂರು ಕೊಟ್ಟರೆ ಎಪ್ಪತ್ತನ್ನು ಎಣಿಸಿ ಹಿಂದಿರುಗಿಸಿದರು. ಊಟಕ್ಕೆ ಎಂದು ನಾನು ಮಾತು ತೆಗೆಯುವಷ್ಟರಲ್ಲಿ, "ಪಂಕ್ಚರ್‌ದು ತಗೊಂಡೀನಲ್ರಿ. ರೊಟ್ಟಿಗೆ ರೊಕ್ಕ ತಗೊಂಡ್ರ ಹೆಂಗ್ರಿ?" ಎಂದರು. ಹೊರಡುವಾಗ ಸೊಸೆ ಎರಡು ರೊಟ್ಟಿಗಳನ್ನು ಹಿಂಡಿಯೊಡನೆ ಕಾಗದದಲ್ಲಿ ಸುತ್ತಿ ಮಗನ ಕೈಯಲ್ಲಿ ಕಳುಹಿಸಿದರು.

ಎಲ್ಲರಿಗೂ ಕೊಡುವ ಸ್ಥಾನದಲ್ಲಿ ಇಷ್ಟು ವರ್ಷ ಕುಳಿತವನಿಗೆ ಪಡೆಯುವುದು ಕಷ್ಟವೆನ್ನುತ್ತಾರೆ. ಮನೆಭೇಟಿಗೆ ಹೋದಾಗ ನಮಗೂ ಕಾಫಿ, ತಿಂಡಿ ಕೊಡುತ್ತಾರಲ್ಲ ಎಂದು ನಾನು ಅದನ್ನು ಒಪ್ಪಿರಲಿಲ್ಲ. ಆದರೆ ಅದು ನಿಲುವಂಗಿಗೆ ದೊರೆಯುವ ಕಾಫಿ. ಇಲ್ಲಿ ರೊಟ್ಟಿ ತಿಂದವನು ಬೆವರುನಾತದ, ಹೆಸರಿಲ್ಲದ ಒಬ್ಬ ದಾರಿಹೋಕ.

ಸಿಂಧನೂರು ಸಮೀಪಿಸಿದಂತೆ ನೆಲದ ಬಣ್ಣವೇ ಬದಲಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸೀಮೆ. ಎಲ್ಲಿ ನೋಡಿದರೂ ಎರಡನೆಯ ಬೆಳೆಗೆ ನಾಟಿ ಹಾಕಿದ ಎಳೆಯ ಭತ್ತ. 1953ರಲ್ಲಿ ಅಣೆಕಟ್ಟು ಪೂರ್ಣವಾದ ಬಳಿಕ ಆಂಧ್ರದ ಕಡೆಯಿಂದ ಬಂದು ನೆಲೆಸಿದ ರೈತರ ‘ಕ್ಯಾಂಪು’ಗಳು ದಾರಿಯುದ್ದಕ್ಕೂ ಇವೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೂ ಇದೇ ತಾಲ್ಲೂಕಿನಲ್ಲಿ ನೆಲೆ ದೊರೆಯಿತು. ಎಳನೀರಿಗಾಗಿ ನಿಂತಲ್ಲಿ ರೈತನೊಬ್ಬ, 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಊರಿಗೆ ಊರೇ ನಿದ್ದೆಗೆಟ್ಟದ್ದನ್ನು ಹೇಳಿದ. ನೀರೆಲ್ಲ ನದಿಗೆ ಹೋದರೆ ಬೆಳೆ ಹೇಗೆಂಬ ಚಿಂತೆ. ಕೆಲವೇ ದಿನಗಳಲ್ಲಿ ತಾತ್ಕಾಲಿಕ ಗೇಟನ್ನು ಇಳಿಸಿ ನೀರು ಉಳಿಸಿದರು. "ಒಂದು ಚೈನು ಸರ್, ಒಂದು ಚೈನು" ಎಂದು ಆತ ನನ್ನ ಸೈಕಲ್ಲಿನ ಸರಪಳಿಯ ಕಡೆಗೆ ಬೊಟ್ಟು ಮಾಡಿದ. ಆ ಮಾತು ಕೇಳಿ ನಾನು ಸರಪಳಿಗೆ ಎರಡು ಹನಿ ಎಣ್ಣೆ ಬಿಟ್ಟುಕೊಂಡೆ.

ಸಿಂಧನೂರನ್ನು ದಾಟಿದೆ. ಗಾಳಿ ಈಗ ಪಕ್ಕದಿಂದ. ನಾಲ್ಕರ ನಂತರ ಅದೂ ತಗ್ಗಿತು. ದಢೇಸೂಗೂರಿನ ಬಳಿ ತುಂಗಭದ್ರೆಯ ಸೇತುವೆಯ ಮೇಲೆ ಬಂದಾಗ ಹೊತ್ತು ಮುಳುಗುತ್ತಿತ್ತು. ಬಂಡೆಗಳ ನಡುವೆ ಹರಡಿಕೊಂಡ ನೀರು ಕೆಂಪಗಿತ್ತು. ಸಿರುಗುಪ್ಪ ಸೇರುವಾಗ ಕತ್ತಲಾಗಿ ಅರ್ಧ ಗಂಟೆಯಾಗಿತ್ತು. ತೊಂಬತ್ತೊಂದು ಕಿಲೋಮೀಟರು, ಅದರಲ್ಲಿ ನಾಲ್ಕು ಕಾಲ್ನಡಿಗೆ.

ಕೋಣೆ ಸೇರಿ, ಸ್ನಾನ ಮಾಡಿ, ಊರಿನಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ಗುರುದೀಕ್ಷೆಯಾದಂದಿನಿಂದ ಜನರೆದುರು ನನ್ನನ್ನು ‘ಸ್ವಾಮಿ’ ಎನ್ನುವ ಅಕ್ಕ, ಫೋನಿನಲ್ಲಿ ಮಾತ್ರ ‘ಮಗ’ ಎನ್ನುತ್ತಾಳೆ. ಕಂಬಳಿ ತಂದುಕೊಟ್ಟ ಆ ಭಾನುವಾರ ಅಪ್ಪ ಮನೆ ಸೇರಿದ್ದು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಇಷ್ಟು ವರ್ಷಗಳ ನಂತರ ಇದೇಕೆಂದು ಅವಳು ಕೇಳಲಿಲ್ಲ.

"ರಾತ್ರಿ ಹತ್ತಾಗಿತ್ತು ಮಗ. ಮೂಗೂರ್ತಾವ ಪಂಚರ್ ಆಗೋಗಿತ್ತಂತೆ. ಭಾನ್ವಾರ, ಅಂಗ್ಡಿ ಯಾವ್ದೂ ತೆಗ್ದಿರ್ಲಿಲ್ಲ. ಅಲ್ಲಿಂದ ತಳ್ಕಂಡೇ ಬಂದ್ರು."

ಬಸ್ಸಿನಲ್ಲಿ ಬರಬಹುದಿತ್ತಲ್ಲ ಎಂದೆ.

"ಬಸ್ಸಿಗೆ ಮಡ್ಗಿದ್ ದುಡ್ಡು ಕಂಬ್ಳಿಗ್ ಹೋಯ್ತಲ್ಲ." ಅವಳು ನಕ್ಕಳು. "ಅವ್ವ ಕೇಳುದ್ಲು, ಮಧ್ಯಾನ ಏನುಂಡ್ರಿ ಅಂತ. ಮಗ ಸ್ವಾಮಿಗಳ ಜೊತೇಲಿ ಕೂರ್ಸಿ ಉಣ್ಣಕ್ಕಿಕ್ಸುದ, ಅನ್ನ ಸಾರು, ಮೊಟ್ಟೆನೂ ಇತ್ತು ಅಂದ್ರು. ನಿಂಗೊತ್ತಿಲ್ವಾ? ಬೀದಿಗೆಲ್ಲ ಹೇಳ್ಕಂಡ್ ತಿರುಗ್ತಿದ್ರಲ್ಲ. ಅಷ್ಟುಂಡ್ ಬಂದೋರು ರಾತ್ರಿ ಮೂರ್ ಮುದ್ದೆ ಉಂಡ್ರಲ್ಲ ಅಂತ ಅವ್ವ ನಗೋಳು."

ನಾನು ಅಕ್ಕನಿಗೆ ನಿಜವನ್ನು ಹೇಳಿದೆ. ಗೇಟು, ಐದು ನಿಮಿಷ, "ನಮ್ಮೂರಿನವರು" ಎಂದದ್ದು, ಎಲ್ಲವನ್ನೂ. ಅತ್ತ ಕಡೆ ಬಹಳ ಹೊತ್ತು ಸದ್ದಿರಲಿಲ್ಲ. ಫೋನು ಕಡಿದುಹೋಯಿತೇನೋ ಎಂದುಕೊಂಡೆ.

"ಅವ್ವಂಗೆ ಗೊತ್ತಾಗಿರ್ಬೋದು ಬುಡು" ಎಂದಳು ಕೊನೆಗೆ. ಆಮೇಲೆ, "ನಾಳೆ ಎಲ್ಲಿಗಂಟ?"

"ಬಳ್ಳಾರಿ. ಐವತ್ತಕ್ಕೂ ಮಿಕ್ಕಿ ಇದೆ."

"ಬಿಸ್ಲಾಗೋದ್ರೊಳ್ಗೆ ಸೇರ್ಕೊ" ಎಂದು ಫೋನಿಟ್ಟಳು.

ಚೀಲದಲ್ಲಿದ್ದ ಎರಡು ರೊಟ್ಟಿಗಳು ಗಟ್ಟಿಯಾಗಿದ್ದವು. ಮಂಚದ ಮೇಲೆ ಕುಳಿತು, ಮುರಿದು ಮುರಿದು ಎರಡನ್ನೂ ತಿಂದೆ. ಐದು ಗಂಟೆಗೆ ಎಚ್ಚರಿಸುವಂತೆ ಗಡಿಯಾರವನ್ನು ಇಟ್ಟುಕೊಂಡು ದೀಪ ಆರಿಸಿದೆ.